ಹೆಂಡತಿಯ ಹೆಸರಿಗೆ ಬಂದ ನನ್ನ ವರದಿ

ಜಿಲ್ಲೆಯ ವಂಶವಾಹಿ ಪರೀಕ್ಷೆ ಹಾಗೂ ಸಂತಾನ ಸಲಹಾ ಘಟಕದ ಮುಖ್ಯಾಧಿಕಾರಿಗಳಿಗೆ, ಊರೆಲ್ಲ ಓದಲಿ ಎಂದೇ ಬರೆದದ್ದು.

ಮಾನ್ಯರೇ,

ನನ್ನ ರಕ್ತದಲ್ಲಿ ಕಂಡ ದೋಷವನ್ನು ನೀವು ನನ್ನ ಹೆಂಡತಿಯ ಹೆಸರಿಗೆ ಬರೆದುಕೊಟ್ಟಿರಿ. ಹತ್ತು ತಿಂಗಳು ಆಕೆ ಅದನ್ನು ಹೊತ್ತುಕೊಂಡು ಬದುಕಿದಳು. ಈಗ ಸತ್ಯ ಏನೆಂದು ಗೊತ್ತಾಗಿದೆ. ನಾನು ಎರಡು ಸಾರಿ ಖುದ್ದಾಗಿ ಬಂದು ಕೇಳಿದ್ದೇನೆ, ಒಂದು ಸಾರಿ ರಿಜಿಸ್ಟರ್ಡ್ ಅಂಚೆಯಲ್ಲಿ ಬರೆದಿದ್ದೇನೆ. ಆದರೂ ಅದನ್ನು ತಿದ್ದಿಕೊಡಲು ನಿಮಗೆ ಪುರುಸೊತ್ತಾಗಿಲ್ಲ. ಪುರುಸೊತ್ತಿಲ್ಲವೋ ಮನಸ್ಸಿಲ್ಲವೋ ಎಂಬ ಅನುಮಾನ ನನಗಿದೆ. ಆ ಅನುಮಾನವನ್ನು ನಿಮ್ಮ ಮೇಜಿನ ಮೇಲಿಟ್ಟರೆ ಅದೂ ಯಾವುದಾದರೂ ಕಡತದೊಳಗೆ ಸೇರಿ ಮಾಯವಾದೀತೆಂದು ಹೆದರಿ, ನೇರವಾಗಿ ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಬಿಟ್ಟಂಗಾಲದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ರೈಟರ್ ಎಂದರೆ ಕಥೆ ಬರೆಯುವವನೆಂದು ವರ್ಗವಾಗಿ ಬಂದ ಅಧಿಕಾರಿಗಳು ಕೆಲವರು ತಿಳಿಯುವುದುಂಟು. ಬೆಳಗ್ಗೆ ಆಳುಗಳ ಹಾಜರಿ ಹಾಕುವುದು, ಸಂಜೆ ಪಿಕ್ಕಿಂಗ್ ಮುಗಿದ ಮೇಲೆ ಒಬ್ಬೊಬ್ಬರ ಚೀಲ ತೂಗಿ ಯಾರು ಎಷ್ಟು ಕೊಯ್ದರೆಂದು ಬರೆದುಕೊಳ್ಳುವುದು, ಇಷ್ಟೇ ನನ್ನ ಸಾಹಿತ್ಯ. ಅನುಮಾನವೇ ನನ್ನ ಕಸುಬು. ಚೀಲದ ಬಾಯಲ್ಲಿ ಕೆಂಪು ಹಣ್ಣು ಚೆನ್ನಾಗಿ ಕಂಡರೆ ಕೈಯನ್ನು ತಳದವರೆಗೆ ಹಾಕಿ ನೋಡುತ್ತೇನೆ. ಹಸಿರು ಕಾಯಿ ಸಿಗುತ್ತದೆ, ಎಲೆ ಸಿಗುತ್ತದೆ, ಒಮ್ಮೊಮ್ಮೆ ಕಲ್ಲೂ ಸಿಗುತ್ತದೆ. ಆಳುಗಳಿರುವ ಲೈನ್ ಮನೆಗಳಲ್ಲಿ ಸೆಲ್ವಿ ಎಂಬ ಹೆಸರಿನವರು ಮೂವರಿದ್ದಾರೆ. ಒಬ್ಬಳ ಮುಂದೆ ಗಂಡನ ಹೆಸರು, ಇನ್ನೊಬ್ಬಳ ಮುಂದೆ ಮನೆ ನಂಬರು, ಮೂರನೆಯವಳ ಮುಂದೆ ಅವಳ ಊರು ಬರೆದಿಟ್ಟುಕೊಂಡಿದ್ದೇನೆ. ಹನ್ನೊಂದು ವರ್ಷದಲ್ಲಿ ಒಬ್ಬ ಸೆಲ್ವಿಯ ಕಾಫಿ ಇನ್ನೊಬ್ಬ ಸೆಲ್ವಿಯ ಹೆಸರಿಗೆ ಹೋದದ್ದಿಲ್ಲ. ಹೋಗಿದ್ದರೆ ಅವರು ನನ್ನನ್ನು ಸುಮ್ಮನೆ ಬಿಡುತ್ತಲೂ ಇರಲಿಲ್ಲ. ಕಾಫಿ ಹಣ್ಣಿಗಿರುವ ಈ ಭಾಗ್ಯ ಮನುಷ್ಯರ ರಕ್ತಕ್ಕೆ ಯಾಕಿಲ್ಲ ಸ್ವಾಮಿ? ನಿಮ್ಮಲ್ಲಿ ಎಂಟು ಕಂಪ್ಯೂಟರ್ ಇವೆ. ಕಾಯುತ್ತ ಕೂತಾಗ ನಾನೇ ಎಣಿಸಿದ್ದೇನೆ.

ವಿಷಯಕ್ಕೆ ಬರುತ್ತೇನೆ. ನನಗೂ ಮೋನಿಷಾಳಿಗೂ ಮದುವೆಯಾಗಿ ಒಂಬತ್ತು ವರ್ಷ. ಮೂರನೆಯ ವರ್ಷ ಒಂದು ಬಸಿರು ಎರಡು ತಿಂಗಳಿಗೆ ಹೋಯಿತು. ಐದನೆಯ ವರ್ಷ ಇನ್ನೊಂದು, ಅದು ಹತ್ತು ವಾರ ನಿಂತಿತು, ಉಳಿಯಲಿಲ್ಲ. ಆಮೇಲೆ ಏನೂ ಆಗಲಿಲ್ಲ. ಏನೂ ಆಗದಿರುವುದೆಂದರೆ ಏನೆಂದು ಅಂಥ ಮನೆಯಲ್ಲಿ ಇದ್ದವರಿಗಷ್ಟೇ ಗೊತ್ತು. ಪ್ರತಿ ತಿಂಗಳೂ ನಾಲ್ಕು ದಿನ ಆಸೆ, ಆಮೇಲೆ ಒಂದು ಬೆಳಗ್ಗೆ ಹೆಂಡತಿ ಬಚ್ಚಲಿನಿಂದ ಹೊರಗೆ ಬಂದು ನೇರವಾಗಿ ಕಾಫಿ ಕಾಯಿಸಲು ಹೋಗುತ್ತಾಳೆ. ಕೇಳುವ ಅಗತ್ಯವೇ ಇರುವುದಿಲ್ಲ. ಮಾತ್ರೆ ಆಯಿತು, ಇಂಜೆಕ್ಷನ್ ಆಯಿತು, ಹರಕೆಯೂ ಆಯಿತು. ಎಲ್ಲ ಮಾತ್ರೆ ನುಂಗಿದವಳು ಅವಳು, ಎಲ್ಲ ಸೂಜಿ ಚುಚ್ಚಿಸಿಕೊಂಡವಳು ಅವಳು. ನಾನು ಜೊತೆಗೆ ಹೋಗಿ ಹೊರಗಿನ ಬೆಂಚಿನಲ್ಲಿ ಕೂತಿರುತ್ತಿದ್ದೆ. ಅದನ್ನೇ ದೊಡ್ಡ ಸಹಕಾರವೆಂದು ತಿಳಿದಿದ್ದೆ.

ಹೋದ ವರ್ಷ ಜನವರಿಯಲ್ಲಿ ನಿಮ್ಮ ಘಟಕದ ಹೆಸರು ಕೇಳಿ ಬಂದೆವು. ಗಂಡ ಹೆಂಡತಿ ಇಬ್ಬರ ರಕ್ತವನ್ನೂ ತೆಗೆದು ವರ್ಣತಂತು ಪರೀಕ್ಷೆ ಮಾಡಿಸುತ್ತೀರೆಂದು ತಿಳಿದು ನನಗೆ ಸಂತೋಷವೇ ಆಗಿತ್ತು. ಆದರೆ ಕಡತ ತೆರೆದದ್ದು ಮೋನಿಷಾಳ ಹೆಸರಿನಲ್ಲಿ. ಕಡತದ ಬಣ್ಣವೂ ಗುಲಾಬಿ. ನನ್ನದು ಅದರ ಹಿಂದೆ ಪಿನ್ ಹಾಕಿದ ಒಂದು ಹಾಳೆ. ಸಂತಾನವಿಲ್ಲದ ದಂಪತಿಗಳ ಕಡತವನ್ನು ಹೆಂಗಸಿನ ಹೆಸರಿನಲ್ಲೇ ತೆರೆಯಬೇಕೆಂದು ಯಾವ ಆದೇಶದಲ್ಲಿದೆ ಎಂದು ಆಗ ಕೇಳಬೇಕಿತ್ತು. ಕೇಳಲಿಲ್ಲ. ಹಿಂದಿನ ಹಾಳೆಯಲ್ಲಿರುವುದು ಹಾಯಾಗಿತ್ತು.

ಅರ್ಜಿ ತುಂಬಿದವನು ನಾನೇ. ಇಬ್ಬರದ್ದನ್ನೂ. ಅಕ್ಷರ ಚೆನ್ನಾಗಿದೆಯೆಂಬ ಜಂಬ. ಹೊರಗಿನಿಂದ ಬಂದ ನಿಮಗೆ ಗೊತ್ತಿರಲಿಕ್ಕಿಲ್ಲ, ನಮ್ಮ ಕಡೆ ಹೆಸರು ಶುರುವಾಗುವುದೇ ಮನೆಹೆಸರಿನಿಂದ. ಮೊದಲು ಮನೆತನ, ಆಮೇಲೆ ಅಪ್ಪನ ಹೆಸರೋ ಗಂಡನ ಹೆಸರೋ, ಎಲ್ಲಕ್ಕಿಂತ ಕೊನೆಗೆ ಮನುಷ್ಯನ ಸ್ವಂತ ಹೆಸರು. ನಾನು ನೆಕ್ಕರಾಜೆ ಬೆಳ್ಯಪ್ಪ ಪ್ರವೀಣ್. ಅವಳು ನೆಕ್ಕರಾಜೆ ಪ್ರವೀಣ್ ಮೋನಿಷಾ. ನಿಮ್ಮ ಅರ್ಜಿಯಲ್ಲಿ ‘ಮೊದಲ ಹೆಸರು’ ಎಂಬ ಖಾನೆ ಇತ್ತು. ಇಬ್ಬರಿಗೂ ನೆಕ್ಕರಾಜೆ ಎಂದು ದಪ್ಪಕ್ಷರದಲ್ಲಿ ಬರೆದೆ. ನಿಮ್ಮ ಕಂಪ್ಯೂಟರು ರಕ್ತದ ಟ್ಯೂಬಿಗೆ ಅಂಟಿಸುವ ಚೀಟಿಯಲ್ಲಿ ಮೊದಲ ಹೆಸರು ಮತ್ತು ಊರನ್ನು ಮಾತ್ರ ಅಚ್ಚು ಹಾಕುತ್ತದಂತೆ. ಹಾಗಾಗಿ ಎರಡು ಟ್ಯೂಬಿನ ಮೇಲೂ ಒಂದೇ ಮಾತು: ನೆಕ್ಕರಾಜೆ, ಬಿಟ್ಟಂಗಾಲ. ಈ ಜಿಲ್ಲೆಯಲ್ಲಿ ಅರ್ಧಕ್ಕರ್ಧ ಜನ ಹೆಸರು ಬರೆಯುವುದೇ ಹೀಗೆ. ಅವರ ನಡುವೆ ಘಟಕ ತೆರೆದು ಕೂತವರಿಗೆ ಅದು ಯಾರ ಗಮನಕ್ಕೂ ಬರಲಿಲ್ಲವೇ? ಬಂದೂ ಸುಮ್ಮನಿದ್ದರೇ? ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದೆಂದು ನೀವೇ ತೀರ್ಮಾನಿಸಿ.

ಮಾರ್ಚಿನಲ್ಲಿ ಫಲಿತಾಂಶಕ್ಕೆ ಕರೆದಿರಿ. ನಿಮ್ಮ ಸಲಹೆಗಾರರ ಕೋಣೆಯಲ್ಲಿ ಅಂದು ಏನೋ ಮೀಟಿಂಗ್ ಇತ್ತಂತೆ. ಆದ್ದರಿಂದ ಸಲಹೆಯ ಕಾರ್ಯಕ್ರಮ ವರಾಂಡದಲ್ಲೇ ನಡೆಯಿತು. ಬೆಂಚುಗಳಲ್ಲಿ ಇಪ್ಪತ್ತು ಜನ ಕೂತಿದ್ದರು. ಅವರ ಎದುರಿಗೆ ನಿಮ್ಮ ಸಲಹೆಗಾರರು ಗುಲಾಬಿ ಕಡತ ತೆರೆದು, ಕಿವಿ ಮಂದವಾದವರಿಗೂ ಕೇಳುವಂತೆ ಹೇಳಿದರು: “ಮೇಡಂ, ಪ್ರಾಬ್ಲಂ ನಿಮ್ದೇ. ನಿಮ್ಮ ಕ್ರೋಮೋಸೋಮಲ್ಲಿ ಡಿಫೆಕ್ಟ್ ಇದೆ. ಸಾರ್ ನಾರ್ಮಲ್.” ನಂತರ ನನ್ನ ಕಡೆ ತಿರುಗಿ, “ಬೇರೆಯವರ ಅಂಡಾಣು ತಗೊಳ್ಳೋದಕ್ಕೆ ಯೋಚನೆ ಮಾಡಿ ಸಾರ್, ನಿಮ್ದು ಸರಿ ಇದೆಯಲ್ಲ” ಎಂದರು. ನಾನು ಯಾವುದೋ ಪರೀಕ್ಷೆ ಪಾಸಾದವನ ಹಾಗೆ ತಲೆಯಾಡಿಸಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಕ್ಷಣ ನನಗೆ ಒಳಗೊಳಗೇ ನಿರಾಳವಾಗಿತ್ತು. ಮೋನಿಷಾ ಸೆರಗಿನ ಅಂಚು ಹಿಡಿದು ನೆಲ ನೋಡುತ್ತ ನಿಂತಿದ್ದಳು.

ಕೈಗೆ ಕೊಟ್ಟದ್ದು ಮೂಲ ವರದಿಯಲ್ಲ. ನಿಮ್ಮವರೇ ಕನ್ನಡದಲ್ಲಿ ಟೈಪ್ ಮಾಡಿದ ಅರ್ಧ ಪುಟದ ಸಾರಾಂಶ. ಮೇಲೆ ‘ನೆಕ್ಕರಾಜೆ, ಬಿಟ್ಟಂಗಾಲ’. ಕೆಳಗೆ ‘ಪತ್ನಿ: ವರ್ಣತಂತು ಸ್ಥಾನಪಲ್ಲಟ. ಪತಿ: ಸಹಜ’. ಅದರ ಕೆಳಗೆ ಒಂದು ಮಾದರಿ ಸಂಖ್ಯೆ, ಒಂದು ದುಂಡು ಮೊಹರು. ಬಸ್ಸಿನಲ್ಲಿ ಬರುವಾಗ ಮೋನಿಷಾ ಆ ಹಾಳೆಯನ್ನು ನಾಲ್ಕೈದು ಸಲ ಓದಿದಳು. ನಮ್ಮ ಮನೆಮಾತು ಅರೆಭಾಷೆ. ನೀವು ‘ಇದೆ’ ಎನ್ನುವಲ್ಲಿ ನಾವು ‘ಉಟ್ಟು’ ಎನ್ನುತ್ತೇವೆ, ‘ಅವರು’ ಎನ್ನುವಲ್ಲಿ ‘ಅವು’ ಎನ್ನುತ್ತೇವೆ, ಅಷ್ಟು ಗೊತ್ತಿದ್ದರೆ ಮುಂದಿನದೆಲ್ಲ ನಿಮಗೆ ತಿಳಿಯುತ್ತದೆ. ಅವಳು ಕೇಳಿದಳು:

“ರಕ್ತ ಕೊಟ್ಟದ್ ಇಬ್ಬರ್. ಇಲ್ಲಿ ನಂಬರ್ ಒಂದೇ ಉಟ್ಟು. ನನ್ನ ಹೆಸರೂ ಇಲ್ಲೆ, ಮನೆಹೆಸರ್ ಮಾತ್ರ ಉಟ್ಟು. ಇದ್ ನಂದೇ ಅಂತ ಹೆಂಗೆ?”

ನಾನು ಹೇಳಿದೆ, “ಅವು ಓದಿದವು. ಅವ್ಕೆ ಗೊತ್ತಿಲ್ಲದ್ದ್ ನಿಂಗೆ ಗೊತ್ತುಟ್ಟಾ?”

ಕಲ್ಲಿಗಾಗಿ ಚೀಲದ ತಳ ತಡಕುವ ನಾನು ಹೇಳಿದ ಮಾತಿದು. ಒಂದು ಹಾಳೆ, ಎರಡು ಮನುಷ್ಯರು, ಒಂದೇ ನಂಬರು. ಸೆಲ್ವಿಯ ಚೀಲವಾಗಿದ್ದರೆ ಬಿಡುತ್ತಿದ್ದೆನೇ? ಹೆಂಡತಿಯ ಮೇಲೆ ಬಂದ ಅಪವಾದವಾದ್ದರಿಂದ ಮೊಹರು ನೋಡಿ ಒಪ್ಪಿಕೊಂಡೆ. ಅವಳು ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಆಮೇಲೆ ಆ ವಿಷಯ ಎತ್ತಲಿಲ್ಲ.

ವರಾಂಡದ ಇಪ್ಪತ್ತು ಜನರಿಗೆ ತಲಾ ಒಂದೊಂದು ಬಾಯಿ ಇತ್ತು. ವಾರದೊಳಗೆ ಸುದ್ದಿ ಎಸ್ಟೇಟಿಗೆ ಬಂತು, ಅಲ್ಲಿಂದ ನಮ್ಮ ಕುಟುಂಬದವರ ಮನೆಗಳಿಗೆಲ್ಲ ಹೋಯಿತು. ‘ಸ್ಥಾನಪಲ್ಲಟ’ ಎಂಬ ನಿಮ್ಮ ಗಂಭೀರ ಶಬ್ದ ದಾರಿಯಲ್ಲೇ ಕಳಚಿಬಿದ್ದು, ‘ಅವಳ ರಕ್ತ ಕೆಟ್ಟಿದೆಯಂತೆ’ ಎಂದಾಗಿತ್ತು. ಮೇ ತಿಂಗಳಲ್ಲಿ ದೊಡ್ಡಪ್ಪನ ಮೊಮ್ಮಗಳ ಮದುವೆ. ಮದುಮಗಳಿಗೆ ಅಕ್ಕಿ ಹಾಕಿ ಹರಸಲು ಹೆಂಗಸರು ಸಾಲಾಗಿ ನಿಂತಿದ್ದರು. ಮೋನಿಷಾ ಸಾಲಿನಲ್ಲಿದ್ದಳು. ನನ್ನ ತಾಯಿ ಬೊಳ್ಳಮ್ಮ ಹೋಗಿ ಅವಳ ಮೊಣಕೈ ಹಿಡಿದು ಮೆಲ್ಲನೆ ಹಿಂದಕ್ಕೆ ಎಳೆದರು. ಗಲಾಟೆಯಿಲ್ಲ, ಬೈಗುಳವಿಲ್ಲ. ಅಡಿಗೆಮನೆಯಲ್ಲಿ ಏನೋ ಕೆಲಸವಿದೆ ಎಂದರಂತೆ. ಅಡಿಗೆಗೆ ಹೊರಗಿನಿಂದ ಹನ್ನೆರಡು ಜನ ಬಂದಿದ್ದರು. ಅಲ್ಲಿ ಮೋನಿಷಾಳಿಗೆ ಯಾವ ಕೆಲಸವೂ ಇರಲಿಲ್ಲ. ನಾನು ಚಪ್ಪರದ ಆ ಕಡೆಯಿಂದ ಎಲ್ಲವನ್ನೂ ನೋಡಿದೆ. ಯಾರೋ ಮಾತಾಡಿಸಿದರು, ನಾನೂ ಮಾತಾಡುತ್ತ ನಿಂತೆ.

ಆ ಸಂಜೆ ಅವ್ವನನ್ನು ಕೇಳಿದ್ದಕ್ಕೆ, “ಡಾಕ್ಟ್ರು ಬರ್ದ ಕಾಗದಲಿ ಎಂಥ ತಪ್ಪು ಉಟ್ಟು?” ಎಂದರು. ನಿಮ್ಮ ಮೊಹರಿಗೆ ನಮ್ಮ ಮನೆಯಲ್ಲಿ ಎಷ್ಟು ಗೌರವವಿತ್ತು ನೋಡಿ! ಆಗಸ್ಟಿನಲ್ಲಿ ಮೋನಿಷಾ ಎರಡು ಬ್ಯಾಗು ಹಿಡಿದು ಚೇರಂಬಾಣೆಯ ತವರಿಗೆ ಹೋದಳು. ನಾಲ್ಕು ದಿನ ಇದ್ದು ಬರುತ್ತೇನೆ ಎಂದಳು. ನಾಲ್ಕು ದಿನಕ್ಕೆ ಎರಡು ಬ್ಯಾಗು ಯಾಕೆಂದು ನಾನು ಕೇಳಲಿಲ್ಲ.

ಇನ್ನು ಮುಂದಿನದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯಲೇಬೇಕಾಗಿದೆ. ಕಾರಣವನ್ನು ಕೊನೆಗೆ ಹೇಳುತ್ತೇನೆ. ಡಿಸೆಂಬರಿನಲ್ಲಿ ಅವ್ವ ನನಗೆ ಇನ್ನೊಂದು ಸಂಬಂಧ ನೋಡತೊಡಗಿದರು. ಮೋನಿಷಾಳಿಂದ ಒಪ್ಪಿಗೆಯ ವಿಚ್ಛೇದನ ತೆಗೆದುಕೊಂಡು ಆಮೇಲೆ ಎಲ್ಲವೂ ಕ್ರಮವಾಗಿ ಎಂಬ ಲೆಕ್ಕ. ನಾನು ಹೌದು ಎನ್ನಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಪಿಕ್ಕಿಂಗ್ ಕಾಲ, ಕೆಲಸ ಜಾಸ್ತಿ ಎಂದು ನನಗೆ ನಾನೇ ಹೇಳಿಕೊಂಡೆ. ಹುಡುಗಿಯ ತಂದೆ ಅಪ್ಪಯ್ಯ ಎಂಬವರು, ನನಗಿಂತ ದೊಡ್ಡ ಅನುಮಾನಸ್ಥರು. ಮನೆಗೆ ಬಂದು, ಕಾಫಿ ಕುಡಿದು, ಲೋಟ ಕೆಳಗಿಟ್ಟು ಹೇಳಿದರು:

“ಗೂಡೆದ್ ಮಾತ್ರ ನೋಡಿರೆ ಸಾಲ. ಹೈದಂದೂ ಒಂದ್ ಚೀಟಿ ಬೇಕು.”

ಹುಡುಗಿಯದನ್ನು ಮಾತ್ರ ನೋಡಿದರೆ ಸಾಲದು, ಹುಡುಗನದ್ದೂ ಒಂದು ಚೀಟಿ ಬೇಕು. ಒಂಬತ್ತು ವರ್ಷದಲ್ಲಿ ನನ್ನ ಮೇಲೆ ಅನುಮಾನಪಟ್ಟ ಮೊದಲ ಮನುಷ್ಯ ಅವರು. ಅವ್ವನಿಗೆ ಸಿಟ್ಟು ಬಂತು. ನನಗೆ ಬರಲಿಲ್ಲ, ನನ್ನ ಹತ್ತಿರ ‘ಪತಿ: ಸಹಜ’ ಎಂಬ ನಿಮ್ಮ ಹಾಳೆ ಇತ್ತಲ್ಲ. ಅದನ್ನೇ ಹಿಡಿದುಕೊಂಡು ಈ ಜನವರಿಯಲ್ಲಿ ಮೈಸೂರಿನ ಒಬ್ಬ ತಜ್ಞ ವೈದ್ಯೆಯ ಬಳಿಗೆ ಹೋದೆ. ನನ್ನಲ್ಲಿ ಏನೂ ತೊಂದರೆ ಇಲ್ಲವೆಂದು ಎರಡು ಸಾಲು ಬರೆಸಿಕೊಂಡು ಬರುವುದು ನನ್ನ ಉದ್ದೇಶ. ಹೆಂಡತಿಯನ್ನು ಬಿಟ್ಟು ಇನ್ನೊಂದು ಮದುವೆಯಾಗಲು ಯೋಗ್ಯ ಎಂಬ ಪ್ರಮಾಣಪತ್ರ.

ಆ ವೈದ್ಯೆ ಸಾರಾಂಶವನ್ನು ನೋಡಿ, “ಇದರ ಮೇಲೆ ನಾನು ಏನೂ ಬರೆಯಲ್ಲ. ಒರಿಜಿನಲ್ ರಿಪೋರ್ಟ್ ಎಲ್ಲಿ?” ಎಂದರು. ಇಲ್ಲ ಎಂದೆ. ನಿಮ್ಮ ಘಟಕ ರಕ್ತ ಕಳಿಸುವ ಪ್ರಯೋಗಾಲಯದ ವಿಳಾಸವನ್ನು ಅವರೇ ಹುಡುಕಿ, ನನ್ನಿಂದ ಒಪ್ಪಿಗೆ ಬರೆಸಿಕೊಂಡು, ಹಾಳೆಯ ಮೇಲಿದ್ದ ಮಾದರಿ ಸಂಖ್ಯೆ ಕೊಟ್ಟು ಮೂಲ ವರದಿ ತರಿಸಿದರು. ಮೂರು ದಿನ ಹಿಡಿಯಿತು. ನಿಮ್ಮ ಘಟಕದಲ್ಲಿ ಈ ಮೂರು ದಿನದ ಕೆಲಸಕ್ಕೆ ಮೂರು ತಿಂಗಳಿನಿಂದ ಸಹಿ ಬೀಳುತ್ತಿಲ್ಲ. ವೈದ್ಯೆ ಓದಿದರು, ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

“ಇದು ಯಾರದು?”

“ನನ್ನ ಹೆಂಡತಿಯದು ಡಾಕ್ಟ್ರೇ.”

“ಹೆಂಡತಿಯದು ಆಗೋದಕ್ಕೆ ಸಾಧ್ಯವೇ ಇಲ್ಲ. ಇದರಲ್ಲಿ ಎಕ್ಸ್ ವೈ ಅಂತಿದೆ. ಇದು ಗಂಡಸಿನ ರಕ್ತ.”

ಎಕ್ಸ್ ವೈ ಎಂದರೆ ಗಂಡು, ಎಕ್ಸ್ ಎಕ್ಸ್ ಎಂದರೆ ಹೆಣ್ಣು. ಇದನ್ನು ಹತ್ತನೇ ತರಗತಿಯ ಮಕ್ಕಳು ಓದುತ್ತಾರೆ. ನಾನೂ ಓದಿದ್ದೆ. ನಿಮ್ಮ ಘಟಕದಲ್ಲಿ ಈ ವರದಿಯನ್ನು ಸಾರಾಂಶ ಮಾಡಿದವರು, ಅದನ್ನು ಪರಿಶೀಲಿಸಿದವರು, ಮೊಹರು ಒತ್ತಿದವರು, ವರಾಂಡದಲ್ಲಿ ಸಾರಿದವರು ಒಟ್ಟು ನಾಲ್ಕು ಜನ. ಒಬ್ಬರಾದರೂ ಆ ಎರಡು ಅಕ್ಷರ ಓದಲಿಲ್ಲವೇ? ಅಥವಾ ಗುಲಾಬಿ ಕಡತಕ್ಕೆ ಸೇರಿದ್ದೆಲ್ಲ ಹೆಂಗಸಿನದೇ ಇರಬೇಕು ಎಂಬ ನಂಬಿಕೆ ಅಷ್ಟು ಗಟ್ಟಿಯೇ? ವೈದ್ಯೆ ಸುಮ್ಮನಿರದೆ ನನ್ನ ರಕ್ತವನ್ನು ಇನ್ನೊಮ್ಮೆ ತೆಗೆದು ಬೇರೆ ಕಡೆ ಕಳಿಸಿದರು. ಅಲ್ಲಿಂದಲೂ ಅದೇ ಬಂತು. ನನ್ನ ನಾಲ್ಕನೆಯ ಮತ್ತು ಹದಿಮೂರನೆಯ ವರ್ಣತಂತುಗಳ ತುಂಡುಗಳು ಪರಸ್ಪರ ಜಾಗ ಬದಲಿಸಿಕೊಂಡಿವೆ. “ನಿಮ್ಮಲ್ಲಿ ಏನೂ ಕಳೆದುಹೋಗಿಲ್ಲ, ಆದ್ದರಿಂದ ನೀವು ಆರೋಗ್ಯವಾಗಿದ್ದೀರಿ. ಆದರೆ ಮಗುವಿಗೆ ಹೋಗುವಾಗ ಒಂದು ತುಂಡು ಹೆಚ್ಚು, ಒಂದು ತುಂಡು ಕಡಿಮೆ ಹೋಗಬಹುದು. ಅಂಥ ಬಸಿರು ನಿಲ್ಲೋದಿಲ್ಲ” ಎಂದು ವಿವರಿಸಿದರು. ಇದು ಯಾರ ತಪ್ಪೂ ಅಲ್ಲ ಎಂದರು. ದಾರಿಗಳಿವೆ ಎಂದೂ ಹೇಳಿದರು. ಹತ್ತು ತಿಂಗಳ ಹಿಂದೆ ಈ ಮಾತುಗಳನ್ನು ಮೋನಿಷಾಳಿಗೆ ಹೇಳುವವರು ಯಾರೂ ಇರಲಿಲ್ಲ. ಅವಳಿಗೆ ಸಿಕ್ಕಿದ್ದು ‘ಪ್ರಾಬ್ಲಂ ನಿಮ್ದೇ’ ಎಂಬ ಎರಡು ಪದ.

ನಿಮ್ಮ ಸಲಹೆಯಂತೆ ಬೇರೆ ಹೆಣ್ಣಿನ ಅಂಡಾಣು ತೆಗೆದುಕೊಂಡಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದ್ದೀರಾ? ಮೋನಿಷಾ ಅದಕ್ಕೂ ಒಪ್ಪಿದ್ದಳು. ಮತ್ತೆ ಇಂಜೆಕ್ಷನ್, ಮತ್ತೆ ಬಸಿರು, ಮತ್ತೆ ಅದು ನಿಲ್ಲದೆ ಹೋಗುವುದು, ಮತ್ತೆ ಎಲ್ಲರೂ ಅವಳ ಮುಖ ನೋಡುವುದು. ಸರಿಯಿದ್ದ ಅವಳ ಅಂಡಾಣುವನ್ನು ಬದಿಗೆ ಸರಿಸಿ ನನ್ನದನ್ನು ಉಳಿಸಿಕೊಳ್ಳುವ ಚಿಕಿತ್ಸೆ ಅದು. ಅವಳದು ಸರಿಯಿತ್ತು ಎಂದು ಬರೆದೆ, ನೋಡಿ, ಅದನ್ನೂ ನಾನು ಖಚಿತವಾಗಿ ಹೇಳುವಂತಿಲ್ಲ. ಹಾಳೆಯಲ್ಲಿ ಎರಡನೆಯ ನಂಬರೇ ಇಲ್ಲದ್ದರಿಂದ ಅವಳ ರಕ್ತ ಏನು ಹೇಳಿತೆಂದು ಇಂದಿನವರೆಗೆ ಯಾರಿಗೂ ಗೊತ್ತಿಲ್ಲ.

ಊರಿಗೆ ಬಂದು ಮೊದಲು ಅವ್ವನಿಗೆ ಹೇಳಿದೆ. ಇದು ಅಪ್ಪನಿಂದಲೋ ಅವ್ವನಿಂದಲೋ ಬಂದಿರಬಹುದು, ನನ್ನಲ್ಲೇ ಹೊಸದಾಗಿ ಆಗಿರಲೂಬಹುದು ಎಂದು ವೈದ್ಯೆ ಹೇಳಿದ್ದನ್ನೂ ಹೇಳಿದೆ. ಜಗಳವಾಡುತ್ತಾರೆಂದುಕೊಂಡಿದ್ದೆ. ಅವರು ಒಲೆಯ ಮುಂದೆ ಕೂತು ಸೌದೆಯನ್ನು ಒಳಕ್ಕೆ ತಳ್ಳಿದರು. ಆಮೇಲೆ ಹೇಳಿದರು, “ನಂಗೂ ಮೂರ್ ಸಲ ಹಿಂಗೆ ಆತ್. ನೀ ಹುಟ್ಟುವ ಮೊದ್ಲು. ಆಗ ಯಾರ್ ಪರೀಕ್ಷೆ ಮಾಡ್ದೊ?” ಮೂವತ್ತೇಳು ವರ್ಷ ಅವರು ಆ ಮೂರನ್ನು ಯಾರಿಗೂ ಹೇಳಿರಲಿಲ್ಲ. ತಾನು ಅನುಭವಿಸಿದ್ದನ್ನೇ ಇನ್ನೊಬ್ಬಳ ಮೊಣಕೈ ಹಿಡಿದು ದಾಟಿಸಿದ್ದರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

ಮರುದಿನ ಚೇರಂಬಾಣೆಗೆ ಹೋದೆ. ಮೋನಿಷಾ ಅಂಗಳದಲ್ಲಿ ಕಾಳುಮೆಣಸು ಹರಡುತ್ತಿದ್ದಳು. ಮೂಲ ವರದಿಯನ್ನು ಕೊಟ್ಟೆ. ಅವಳು ಕೈ ಒರೆಸಿಕೊಂಡು ನಿಂತೇ ಓದಿದಳು. ನಾನು ಅಳುತ್ತಾಳೆಂದುಕೊಂಡೆ, ಇಲ್ಲವೇ ಬೈಯುತ್ತಾಳೆಂದು. ಅವಳು ಹಾಳೆಯನ್ನು ನನಗೇ ಹಿಂದಕ್ಕೆ ಕೊಟ್ಟಳು.

“ಇದ್ ನಿಮ್ಮದ್. ನನ್ನ ಕಾಗದ ಎಲ್ಲಿ ಉಟ್ಟು?”

ಆ ಪ್ರಶ್ನೆ ಹಿಡಿದುಕೊಂಡು ಫೆಬ್ರವರಿಯಲ್ಲಿ ನಿಮ್ಮಲ್ಲಿಗೆ ಬಂದೆ. ಅದೇ ಸಲಹೆಗಾರರು. ಈ ಸಲ ಕೋಣೆ ಖಾಲಿ ಇತ್ತು, ಬಾಗಿಲನ್ನೂ ಹಾಕಿಕೊಂಡರು. ದೋಷ ಹೆಂಗಸಿನದಾದರೆ ವರಾಂಡ, ಗಂಡಸಿನದಾದರೆ ಬಾಗಿಲು ಹಾಕಿದ ಕೋಣೆ, ಇದೂ ನಿಮ್ಮ ನಿಯಮಾವಳಿಯಲ್ಲಿದೆಯೇ? ಅವರು ಎರಡು ವರದಿಗಳನ್ನೂ ನೋಡಿ, “ಕ್ಲರಿಕಲ್ ಮಿಸ್ಟೇಕ್ ಸಾರ್. ಲೇಬಲ್ ಪ್ರಾಬ್ಲಂ” ಎಂದರು. ತಿದ್ದಿಕೊಡಿ ಎಂದೆ. ಆಗ ಅವರು ಕುರ್ಚಿ ಹತ್ತಿರ ಎಳೆದುಕೊಂಡು, ದನಿ ತಗ್ಗಿಸಿ, ಬಹಳ ಪ್ರೀತಿಯಿಂದ ಹೇಳಿದರು: “ಯಾರದ್ದಾದ್ರೂ ಟ್ರೀಟ್‌ಮೆಂಟ್ ದಂಪತಿಗೇ ಅಲ್ವಾ ಸಾರ್? ಈಗ ತಿದ್ದಿದ್ರೆ ನಿಮ್ಮ ಹೆಸರು ರೆಕಾರ್ಡಿಗೆ ಬರುತ್ತೆ. ನಾಳೆ ನಾಲ್ಕು ಜನ ಮಾತಾಡ್ತಾರೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ, ಹಾಗೇ ಇರಲಿ ಬಿಡಿ.”

ಮಾನ್ಯರೇ, ಹಾಗೇ ಇರಲಿ ಬಿಡಿ ಎಂಬ ಈ ಮಾತಿನಿಂದ ನನ್ನ ಅನುಮಾನ ಬೇರೆಯೇ ದಾರಿ ಹಿಡಿಯಿತು. ಲೇಬಲ್ಲಿನ ತಪ್ಪನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ, ಅದರಲ್ಲಿ ನನ್ನ ದಪ್ಪಕ್ಷರದ ಪಾಲೂ ಇದೆ. ಆದರೆ ಇವರು ನನ್ನ ಮುಂದೆ ಇಟ್ಟ ಉಪಕಾರ ಇದೇ ಮೊದಲ ಸಲ ಇಟ್ಟದ್ದಲ್ಲ. ಅಷ್ಟು ಸಲೀಸಾಗಿ, ಅಷ್ಟು ಅಭ್ಯಾಸವಾದ ದನಿಯಲ್ಲಿ ಬಂತು ಆ ಮಾತು. ನನಗಿಂತ ಮೊದಲು ಆ ಕುರ್ಚಿಯಲ್ಲಿ ಎಷ್ಟು ಗಂಡಂದಿರು ಕೂತಿದ್ದರು? ಎಷ್ಟು ಜನ ‘ಹಾಗೇ ಇರಲಿ’ ಎಂದು ಎದ್ದು ಹೋದರು? ನಿಮ್ಮ ಕಬ್ಬಿಣದ ಬೀರುವಿನಲ್ಲಿ ಗುಲಾಬಿ ಕಡತಗಳು ಇನ್ನೂರಕ್ಕಿಂತ ಹೆಚ್ಚಿವೆ. ಅವುಗಳಲ್ಲಿ ಎಷ್ಟರೊಳಗೆ ಹೆಂಗಸಿನ ಹೆಸರಿನ ಕೆಳಗೆ ಎಕ್ಸ್ ವೈ ಕೂತಿದೆ? ಎಷ್ಟು ಹೆಂಗಸರು ಯಾವ್ಯಾವ ತವರುಮನೆಯ ಅಂಗಳದಲ್ಲಿ ಏನೇನು ಹರಡುತ್ತ ದಿನ ಕಳೆಯುತ್ತಿದ್ದಾರೆ? ಒಂದೂ ಇಲ್ಲವೆನ್ನುತ್ತೀರಾ? ಹಾಗಾದರೆ ಬೀರು ತೆರೆಯಲು ಹೆದರಿಕೆ ಯಾಕೆ?

ಮಾರ್ಚಿನಲ್ಲಿ ನಾನೂ ಮೋನಿಷಾಳೂ ಇಬ್ಬರೂ ಸಹಿ ಮಾಡಿ ಅರ್ಜಿ ಕಳಿಸಿದೆವು: ಅವಳ ವರದಿ ಅವಳಿಗೆ ಕೊಡಿ, ಸಾರಾಂಶ ತಿದ್ದಿ ಎಂದು. ಹದಿನೆಂಟನೆಯ ದಿನ ಉತ್ತರ ಬಂತು. ‘ಕೋರಿರುವ ಮಾಹಿತಿಯು ಮೂರನೇ ವ್ಯಕ್ತಿಯ ಖಾಸಗಿ ಆರೋಗ್ಯ ವಿವರವಾಗಿರುವುದರಿಂದ ಒದಗಿಸಲು ಅವಕಾಶವಿರುವುದಿಲ್ಲ.’ ಅರ್ಜಿಗೆ ಸಹಿ ಮಾಡಿದವರು ಇಬ್ಬರು, ರಕ್ತ ಕೊಟ್ಟವರೂ ಅದೇ ಇಬ್ಬರು. ಈ ಮೂರನೆಯವರು ಯಾರು ಸ್ವಾಮಿ? ನಮಗೆ ಮಗುವಂತೂ ಆಗಿಲ್ಲ. ಇಪ್ಪತ್ತು ಜನರ ನಡುವೆ ಕಡತ ಓದುವಾಗ ಎಲ್ಲಿತ್ತೋ ಈ ಖಾಸಗಿತನ, ಈಗ ಅವಳು ತನ್ನದನ್ನೇ ಕೇಳುವಾಗ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತಿದೆ. ಎರಡನೆಯ ಸಲ ನಾನು ಖುದ್ದಾಗಿ ಬಂದದ್ದು ಈ ಉತ್ತರ ಹಿಡಿದುಕೊಂಡೇ. ಸಾಹೇಬರು ತರಬೇತಿಗೆ ಹೋಗಿದ್ದಾರೆ ಎಂದರು. ತಮ್ಮ ಕಾರು ಮರದ ನೆರಳಲ್ಲಿ ನಿಂತಿತ್ತು.

ಆದ್ದರಿಂದ ಕೇಳುವುದನ್ನು ಬಹಿರಂಗವಾಗಿ ಕೇಳುತ್ತೇನೆ. ಮೋನಿಷಾಳ ರಕ್ತದ ಮೂಲ ವರದಿಯನ್ನು, ಅವಳ ಸ್ವಂತ ಹೆಸರು ಮೊದಲು ಬರೆದು, ಮುಚ್ಚಿದ ಲಕೋಟೆಯಲ್ಲಿ ಅವಳ ಕೈಗೇ ತಲುಪಿಸಿ. ಅವಳ ಟ್ಯೂಬು ಕಳೆದುಹೋಗಿದ್ದರೆ ಕಳೆದಿದೆ ಎಂದು ಬರೆದುಕೊಡಿ, ಅದನ್ನು ತಿಳಿಯುವ ಹಕ್ಕೂ ಅವಳಿಗಿದೆ. ನಿಮ್ಮ ದಾಖಲೆಯಲ್ಲಿ ದೋಷದ ಎದುರು ನನ್ನ ಪೂರ್ತಿ ಹೆಸರು ಬರೆಯಿರಿ. ನಾಲ್ಕು ಜನ ಮಾತಾಡಲಿ, ನನ್ನ ಒಳ್ಳೆಯದನ್ನು ನಾನೇ ನೋಡಿಕೊಳ್ಳುತ್ತೇನೆ. ಬೀರುವಿನಲ್ಲಿರುವ ಪ್ರತಿಯೊಂದು ಕಡತವನ್ನೂ ನಿಮ್ಮ ಘಟಕದ ಹೊರಗಿನವರಿಂದ ತೆಗೆಸಿ, ಮೂಲ ವರದಿಯೊಂದಿಗೆ ಹೋಲಿಸಿ, ತಪ್ಪಾದ ಕಡೆ ಆ ಹೆಂಗಸರಿಗೆ ನೀವೇ ಹೋಗಿ ತಿಳಿಸಿ. ಅಂಚೆ ಬೇಡ, ನಡೆದುಕೊಂಡು ಹೋಗಿ. ಕಡತ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇರಲಿ. ಮೂವತ್ತು ದಿನ ಕಾಯುತ್ತೇನೆ. ಆಗದಿದ್ದರೆ ನಿಮ್ಮ ವರಾಂಡದ ಬೆಂಚು ಹತ್ತಿ ನಿಂತು ನನ್ನ ವರದಿಯನ್ನು ನಾನೇ ಗಟ್ಟಿಯಾಗಿ ಓದುತ್ತೇನೆ.

ನನ್ನ ಹೆಂಡತಿಯನ್ನು ಮನೆಗೆ ಕರೆತರಲು ನೆರವಾಗಿ ಎಂದು ನಿಮ್ಮನ್ನು ಕೇಳುತ್ತಿಲ್ಲ. ಅವಳು ಬರುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಈ ಪತ್ರದ ಕರಡನ್ನು ಹೋದ ಭಾನುವಾರ ಅವಳಿಗೆ ತೋರಿಸಲು ಹೋಗಿದ್ದೆ. ಅದರಲ್ಲಿ ಮೈಸೂರಿಗೆ ಯಾಕೆ ಹೋದೆನೆಂಬುದನ್ನು ನಾನು ಬಿಟ್ಟಿದ್ದೆ. ‘ಹೆಚ್ಚಿನ ತಪಾಸಣೆಗಾಗಿ’ ಎಂದಷ್ಟೇ ಬರೆದಿದ್ದೆ. ಚೀಟಿಯ ವಿಷಯ, ಅಪ್ಪಯ್ಯನವರ ವಿಷಯ ಅವಳಿಗೆ ಅದಾಗಲೇ ಯಾರೋ ಹೇಳಿದ್ದರು. ಅದನ್ನೂ ಬರೆದರೆ ಮಾತ್ರ ತನ್ನ ಹೆಸರು ಹಾಕಬಹುದು ಎಂದಳು. ಬರೆದೆ. ಕೊನೆಯಲ್ಲಿ ‘ನಾವಿಬ್ಬರೂ ನಿಮ್ಮ ತಪ್ಪಿಗೆ ಬಲಿಯಾದೆವು’ ಎಂಬ ಒಂದು ಸಾಲು ಇತ್ತು. ನನಗೆ ಬಹಳ ಮೆಚ್ಚುಗೆಯಾದ ಸಾಲು. ಅವಳು ನನ್ನ ಜೇಬಿನಿಂದ ಪೆನ್ನು ತೆಗೆದುಕೊಂಡು ಅದರ ಮೇಲೆ ಗೆರೆ ಎಳೆದಳು.

“ಅವು ತಪ್ಪು ಬರ್ದೊ, ಸರಿ,” ಎಂದಳು. “ನಂಬಿದ್ ನೀವು.”

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಇಂದಿಗೂ ಯಾವ ದೋಷವೂ ಇಲ್ಲದ ಗಂಡ,
ಪ್ರವೀಣ್, ನೆಕ್ಕರಾಜೆ ಮನೆಯವನು
ಎಸ್ಟೇಟ್ ರೈಟರ್, ಬಿಟ್ಟಂಗಾಲ